ಉನ್ಮಾದದೊಳಗಿನ ಜ್ವರ: ವೈದ್ಯ ಎಕೊನೊಮೊ ಅವರ ಜೀವನ

ಭೀಮಾ ಅಮರ್ಜಾ ನದಿಗಳ ಸಂಗಮದ ಬಳಿಯಲ್ಲಿರುವ ಗಾಣಗಾಪುರವನ್ನು ಅರಿಯದ ಕನ್ನಡಿಗರು ವಿರಳ. ಅಫಜಲಪುರ ತಾಲ್ಲೂಕಿನ ಈ ದತ್ತಕ್ಷೇತ್ರದಲ್ಲಿ, ಮಧ್ಯಾಹ್ನದ ಮಹಾಮಂಗಳಾರತಿಯ ಹೊತ್ತಿಗೆ, ಗಾಳಿ ಸೋಕಿದವರೆಂದು ಬಂಧುಗಳು ಕರೆತಂದ ಸ್ತ್ರೀಪುರುಷರು ಕೂಗಾಡುವುದನ್ನೂ, ಕಂಬಗಳನ್ನು ತಬ್ಬಿ ಮೇಲೇರುವುದನ್ನೂ, ಬಳಿಕ ಬಳಲಿ ನೆಲಕ್ಕೊರಗುವುದನ್ನೂ ಯಾತ್ರಿಕರು ಕಣ್ಣಾರೆ ಕಂಡಿದ್ದಾರೆ. ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆ ಎರಡು ಮತಗಳ ಜನರೂ ತಮ್ಮ ಸಂಕಟಗಳನ್ನು ಹೊತ್ತು ಹರಕೆಗೆ ಬರುತ್ತಾರೆ. ಭೀಮೆಯ ದಕ್ಷಿಣಕ್ಕಿರುವ ಜೇವರ್ಗಿಯ ಹಳ್ಳಿಗಳ ರೀತಿಯೂ ಬೇರೆಯಲ್ಲ. ಮನೆಯ ಮಗನೊ ಸೊಸೆಯೊ ಒಮ್ಮಿಂದೊಮ್ಮೆಗೆ ಎಂದಿನಂತಿರದೆ ಹೋದರೆ ಹಿರಿಯರ ಮನಸ್ಸು ಮೊದಲು ದೇವರ ಕಡೆಗೂ, ತಾಯಿತ ಕಟ್ಟುವವರ ಕಡೆಗೂ ಹರಿಯುತ್ತದೆ.

ಕ್ಷೇತ್ರಗಳ ಮಹಿಮೆಯನ್ನು ಕುರಿತು ವಾದ ಹೂಡುವುದು ನಮ್ಮ ಉದ್ದೇಶವಲ್ಲ. ದುಃಖಿಗಳ ಶ್ರದ್ಧೆಯನ್ನು ಹಳಿಯುವುದಂತೂ ನಮಗೆ ಸಮ್ಮತವೇ ಅಲ್ಲ. ವರ್ಷಾನುಗಟ್ಟಲೆ ಮನೋವ್ಯಾಧಿಯಿಂದ ಬಳಲಿದವರಿಗೆ ಅಲ್ಲಿ ಕೊಂಚ ಸಮಾಧಾನ ದೊರೆಯುವುದಾದರೆ ದೊರೆಯಲಿ. ಆದರೆ ಮೊನ್ನೆಯವರೆಗೆ ಸ್ವಸ್ಥನಾಗಿ ಹೊಲಗೆಲಸ ಮಾಡಿಕೊಂಡಿದ್ದವನು, ಎರಡು ದಿನ ಜ್ವರದಲ್ಲಿ ಮಲಗಿ, ಮೂರನೆಯ ದಿನ ಹೆತ್ತ ತಾಯಿಯ ಗುರುತು ಹಿಡಿಯದೆ ಅಸಂಬದ್ಧವಾಗಿ ಮಾತಾಡತೊಡಗಿದರೆ ಅವನ ಸ್ಥಿತಿ ಬೇರೆ. ಅಂಥವರಲ್ಲಿ ಕೆಲವರ ಮಿದುಳನ್ನೇ ವೈರಾಣುವೊಂದು ಹೊಕ್ಕು ಉರಿಸುತ್ತಿರುತ್ತದೆ. ಅವರ ಪಾಲಿಗೆ ಒಂದೊಂದು ಗಳಿಗೆಯೂ ಅಮೂಲ್ಯವಾದುದು. ಹುಚ್ಚಿನ ವೇಷ ತೊಟ್ಟು ಬರುವ ಇಂಥ ಜ್ವರವನ್ನು ವೈದ್ಯಲೋಕಕ್ಕೆ ಮನಗಾಣಿಸಿದವರಲ್ಲಿ ಅಗ್ರಗಣ್ಯರು ವಿಯೆನ್ನಾ ನಗರದ ವೈದ್ಯ ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ ಅವರು. ಅವರ ಜೀವನವನ್ನು ನಮ್ಮ ವಾಚಕರ ಮುಂದಿಡುವುದು ಈ ಕಾರಣದಿಂದ ಸಾರ್ಥಕವೆಂದು ನಾವು ಭಾವಿಸುತ್ತೇವೆ.

ಎಕೊನೊಮೊ ಅವರು ೧೮೭೬ನೆಯ ಇಸವಿಯ ಆಗಸ್ಟ್ ೨೧ರಂದು ರುಮಾನಿಯಾ ದೇಶದ ಬ್ರಯಿಲಾ ಎಂಬ ರೇವುಪಟ್ಟಣದಲ್ಲಿ ಜನಿಸಿದರು. ತಂದೆತಾಯಿಗಳು ಗ್ರೀಕ್ ಕುಲದವರು, ಸಿರಿವಂತರು. ಮಗುವಿನ ಎಳವೆಯಲ್ಲಿಯೇ ಕುಟುಂಬವು ಅಂದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಟ್ರಿಯೆಸ್ಟೆ ಬಂದರಿಗೆ ಬಂದು ನೆಲಸಿತು. ಹೀಗೆ ಒಂದು ದೇಶದಲ್ಲಿ ಹುಟ್ಟಿ, ಇನ್ನೊಂದು ದೇಶದ ರಕ್ತವನ್ನು ಪಡೆದು, ಮೂರನೆಯ ದೇಶದಲ್ಲಿ ಬೆಳೆದ ಬಾಲಕನಿಗೆ ಹಲವು ಭಾಷೆಗಳು ಸಹಜವಾಗಿ ಒಲಿದವು.

ಮಗನು ಯಂತ್ರಶಿಲ್ಪಿಯಾಗಬೇಕೆಂಬುದು ತಂದೆಯ ಅಪೇಕ್ಷೆಯಾಗಿತ್ತು. ಅದರಂತೆ ೧೮೯೩ರಲ್ಲಿ ಯುವಕ ಎಕೊನೊಮೊ ವಿಯೆನ್ನಾಕ್ಕೆ ಬಂದು ಯಂತ್ರಶಾಸ್ತ್ರದ ವಿದ್ಯಾರ್ಥಿಯಾದರು. ಎರಡು ವರ್ಷ ಅಭ್ಯಾಸ ನಡೆಸಿದರೂ ಮನಸ್ಸು ಅಲ್ಲಿ ನಿಲ್ಲಲಿಲ್ಲ. ತಂದೆಯನ್ನು ಒಪ್ಪಿಸಿ ವೈದ್ಯಶಾಸ್ತ್ರಕ್ಕೆ ತಿರುಗಿದರು. ೧೯೦೧ರಲ್ಲಿ ವೈದ್ಯ ಪದವಿ ದೊರೆಯಿತು. ತರುವಾಯ ಕೆಲವು ವರ್ಷ ಪ್ಯಾರಿಸ್, ಮ್ಯೂನಿಕ್, ಬರ್ಲಿನ್ ಮೊದಲಾದ ನಗರಗಳಲ್ಲಿ ನರರೋಗ ಮನೋರೋಗಗಳ ಆಚಾರ್ಯರ ಬಳಿ ಕಲಿತು, ೧೯೦೬ರಲ್ಲಿ ವಿಯೆನ್ನಾದ ಮನೋರೋಗ ಮತ್ತು ನರರೋಗ ಚಿಕಿತ್ಸಾಲಯವನ್ನು ಸೇರಿದರು. ಜೀವಮಾನದ ಮುಖ್ಯ ಕಾರ್ಯವು ಅಲ್ಲಿಯೇ ನಡೆಯಿತು.

ಆ ಚಿಕಿತ್ಸಾಲಯದ ಮುಖ್ಯಸ್ಥರಾಗಿದ್ದ ವಾಗ್ನರ್-ಯೌರೆಗ್ ಅವರು ಸಾಮಾನ್ಯರಲ್ಲ. ಅಂದಿನ ಹುಚ್ಚಾಸ್ಪತ್ರೆಗಳನ್ನು ತುಂಬಿದ್ದ ರೋಗಿಗಳಲ್ಲಿ ಅನೇಕರಿಗೆ ಇದ್ದುದು ಮಿದುಳನ್ನು ಹೊಕ್ಕ ಫರಂಗಿ ರೋಗವೆಂಬುದು ೧೯೧೩ರಲ್ಲಿ ಸೂಕ್ಷ್ಮದರ್ಶಕದಿಂದ ಸಿದ್ಧವಾಗಿತ್ತು. ಅಂಥ ರೋಗಿಗಳಿಗೆ ಮಲೇರಿಯಾ ಜ್ವರವನ್ನು ಬರಿಸಿ ಗುಣಪಡಿಸುವ ಪ್ರಯೋಗವನ್ನು ವಾಗ್ನರ್-ಯೌರೆಗ್ ೧೯೧೭ರಲ್ಲಿ ಆರಂಭಿಸಿದರು. ಅದಕ್ಕಾಗಿ ೧೯೨೭ರಲ್ಲಿ ನೊಬೆಲ್ ಪಾರಿತೋಷಕವನ್ನೂ ಪಡೆದರು. ಮನಸ್ಸು ಕೆಟ್ಟಿತೆಂದು ಕಂಡಲ್ಲಿ ಶರೀರವನ್ನು ಪರೀಕ್ಷಿಸಬೇಕೆಂಬ ದೃಷ್ಟಿಯು ಆ ಚಿಕಿತ್ಸಾಲಯದ ಗಾಳಿಯಲ್ಲಿಯೇ ಇತ್ತೆನ್ನಬಹುದು. ಎಕೊನೊಮೊ ಅವರಿಗೆ ಈ ಸಂಸ್ಕಾರವು ಮುಂದೆ ಬಹುವಾಗಿ ಉಪಯೋಗಕ್ಕೆ ಬಂದಿತು.

ಯಂತ್ರಗಳ ಮೇಲಿನ ಹಳೆಯ ಮೋಹವು ಇವರನ್ನು ಪೂರ್ತಿಯಾಗಿ ಬಿಟ್ಟಿರಲಿಲ್ಲ. ವಿಮಾನವೆಂಬುದು ಇನ್ನೂ ತೊಟ್ಟಿಲಲ್ಲಿದ್ದ ಕಾಲದಲ್ಲಿ ಎಕೊನೊಮೊ ಅವರು ಫ್ರಾನ್ಸಿನಲ್ಲಿ ಹಾರುವುದನ್ನು ಕಲಿತು ಆಸ್ಟ್ರಿಯಾದ ಮೊದಲ ವೈಮಾನಿಕರಲ್ಲಿ ಒಬ್ಬರಾದರು. ೧೯೧೦ರಿಂದ ಹದಿನಾರು ವರ್ಷಗಳ ಕಾಲ ಆ ದೇಶದ ವಿಮಾನಸಂಘದ ಅಧ್ಯಕ್ಷರಾಗಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ದಕ್ಷಿಣ ಟಿರೋಲಿನ ರಣರಂಗದ ಮೇಲೆ ವಿಮಾನ ನಡೆಸಿದರು. ೧೯೧೬ರಲ್ಲಿ ಸಹೋದರನೊಬ್ಬನು ಯುದ್ಧದಲ್ಲಿ ಮಡಿದನು. ಇನ್ನೊಬ್ಬ ಮಗನನ್ನೂ ಕಳೆದುಕೊಳ್ಳಲಾರದೆ ತಂದೆತಾಯಿಗಳು ಅಂಗಲಾಚಿದ ಮೇಲೆ, ಅವರು ವಿಯೆನ್ನಾಕ್ಕೆ ಮರಳಿ, ತಲೆಗೆ ಗಾಯವಾದ ಸೈನಿಕರ ಶುಶ್ರೂಷೆಯಲ್ಲಿ ತೊಡಗಿದರು. ತಂದೆತಾಯಿಗಳ ಆ ಮೊರೆಯನ್ನು ಅವರು ಕೇಳದೆ ಹೋಗಿದ್ದರೆ ವೈದ್ಯಶಾಸ್ತ್ರದ ಒಂದು ಅಧ್ಯಾಯವನ್ನು ಬೇರೆ ಯಾರೊ ಬರೆಯಬೇಕಾಗುತ್ತಿತ್ತು.

ಆ ಚಳಿಗಾಲದಲ್ಲಿ, ಎಂದರೆ ೧೯೧೬ರ ಕೊನೆಯಿಂದ ೧೯೧೭ರ ಆದಿಯವರೆಗೆ, ಚಿಕಿತ್ಸಾಲಯಕ್ಕೆ ವಿಚಿತ್ರ ರೋಗಿಗಳು ಬರತೊಡಗಿದರು. ಒಬ್ಬೊಬ್ಬರ ಚೀಟಿಯ ಮೇಲೂ ಒಂದೊಂದು ರೋಗದ ಹೆಸರು: ಒಬ್ಬನದು ಸನ್ನಿ, ಇನ್ನೊಬ್ಬನದು ಮಿದುಳ ಪೊರೆಯ ಉರಿ, ಮತ್ತೊಬ್ಬನದು ನರಗಳ ಕ್ಷಯ. ಮೊದಲಿಗೆ ಸ್ವಲ್ಪ ತಲೆನೋವು, ಸ್ವಲ್ಪ ಜ್ವರ. ಆಮೇಲೆ ಕೆಲವರಿಗೆ ತಡೆಯಲಾರದ ತೂಕಡಿಕೆ. ಅನ್ನದ ತುತ್ತು ಬಾಯಲ್ಲಿರುವಂತೆಯೇ ನಿದ್ರೆ. ಎಬ್ಬಿಸಿ ಕೇಳಿದರೆ ಸರಿಯಾದ ಉತ್ತರ ಕೊಟ್ಟು ಮರುಕ್ಷಣ ಮತ್ತೆ ಜೋಂಪು. ರೆಪ್ಪೆಗಳು ಜೋತುಬಿದ್ದಿವೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಇನ್ನು ಕೆಲವರದು ಇದಕ್ಕೆ ವಿರುದ್ಧ: ರಾತ್ರಿಯೆಲ್ಲ ನಿದ್ರೆಯಿಲ್ಲ, ಕೈಕಾಲುಗಳಿಗೆ ನೆಮ್ಮದಿಯಿಲ್ಲ, ಇಲ್ಲದ ರೂಪಗಳು ಕಣ್ಣಿಗೆ ಕಾಣುತ್ತವೆ, ಮಾತು ಎಲ್ಲೆ ಮೀರುತ್ತದೆ. ಮೂರನೆಯ ಬಗೆಯವರು ಕೆತ್ತಿದ ಪ್ರತಿಮೆಗಳಂತೆ ಕುಳಿತಲ್ಲಿಯೇ ಕುಳಿತು, ಮಾತಿಲ್ಲದೆ ಮುಖಭಾವವಿಲ್ಲದೆ ಇರುವರು. ಮೇಲುನೋಟಕ್ಕೆ ಒಬ್ಬನಿಗೂ ಇನ್ನೊಬ್ಬನಿಗೂ ಸಂಬಂಧವೇ ಇಲ್ಲ. ಹಲವರನ್ನು ಕೇವಲ ಮನೋರೋಗಿಗಳೆಂದು ತಳ್ಳಿಬಿಡುವುದು ಎಷ್ಟು ಮಾತ್ರಕ್ಕೂ ಕಷ್ಟವಿರಲಿಲ್ಲ.

ಎಕೊನೊಮೊ ಅವರು ಹಾಗೆ ತಳ್ಳಲಿಲ್ಲ. ಅವರ ಬಾಲ್ಯದಲ್ಲಿ ತಾಯಿಯು ಒಂದು ಸಂಗತಿಯನ್ನು ಹೇಳಿದ್ದುಂಟು. ೧೮೯೦ರ ಸುಮಾರಿಗೆ, ದೊಡ್ಡ ಶೀತಜ್ವರದ ಹಾವಳಿಯ ಬೆನ್ನಲ್ಲಿಯೇ, ಇಟಲಿಯ ಉತ್ತರ ಸೀಮೆಯಲ್ಲಿ ನೋನಾ ಎಂಬ ನಿದ್ರಾರೋಗವು ಬಂದು ಅನೇಕರು ಮಲಗಿದವರು ಏಳಲಿಲ್ಲವಂತೆ. ವೈದ್ಯರಲ್ಲಿ ಬಹುಮಂದಿ ಅದನ್ನು ಕಟ್ಟುಕಥೆಯೆಂದು ಬಗೆದಿದ್ದರು. ತಾಯಿಯ ಆ ಮಾತು ಮಗನ ನೆನಪಿಗೆ ಬಂದಿತು. ಸತ್ತವರ ಮಿದುಳುಗಳನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ನೋಡಲಾಗಿ, ಬೇರೆ ಬೇರೆ ಹೆಸರುಗಳ ಅಡಿಯಲ್ಲಿ ಸತ್ತವರೆಲ್ಲರ ನಡುಮಿದುಳಿನಲ್ಲಿಯೂ ಅದರ ಸುತ್ತಲಿನ ಬೂದುಭಾಗದಲ್ಲಿಯೂ ಒಂದೇ ರೀತಿಯ ಉರಿಯೂತ ಕಂಡುಬಂದಿತು. ರೋಗಿಗಳ ನಡತೆ ಹಲವು, ರೋಗ ಒಂದು! ೧೯೧೭ರ ಏಪ್ರಿಲ್ ೧೭ರಂದು ವಿಯೆನ್ನಾದ ವೈದ್ಯರ ಸಭೆಯಲ್ಲಿ ಇದನ್ನು ನಿವೇದಿಸಿದರು. ಮೇ ೧೦ರಂದು ಲೇಖನವು ಅಚ್ಚಾಯಿತು. ರೋಗಕ್ಕೆ ಎನ್ಸೆಫಲೈಟಿಸ್ ಲೆಥಾರ್ಜಿಕಾ, ಎಂದರೆ ಜಡನಿದ್ರೆಯ ಮಿದುಳುರಿ, ಎಂದು ಹೆಸರಿಟ್ಟರು. ಅದೇ ವಸಂತದಲ್ಲಿ ಫ್ರಾನ್ಸಿನ ಕ್ರುಷೆ ಎಂಬ ವೈದ್ಯರೂ ತಾವು ಕಂಡ ಇಂಥ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರೆಂಬುದನ್ನು ನ್ಯಾಯವಾಗಿ ಹೇಳಬೇಕು. ಆಫ್ರಿಕಾದಲ್ಲಿ ನೊಣದಿಂದ ಹರಡುವ ನಿದ್ರಾರೋಗಕ್ಕೂ ಇದಕ್ಕೂ ಸಂಬಂಧವಿಲ್ಲ.

ಮುಂದಿನ ಹತ್ತು ವರ್ಷಗಳಲ್ಲಿ ಈ ಪಿಡುಗು ಯುರೋಪು ಅಮೆರಿಕಾಗಳನ್ನೂ ಇತರ ಖಂಡಗಳನ್ನೂ ಸುತ್ತಿತು. ಹತ್ತು ಲಕ್ಷಕ್ಕೂ ಮೀರಿದ ಜನರು ಇದಕ್ಕೆ ತುತ್ತಾದರೆಂದು ಅಂದಾಜು. ಮೂರರಲ್ಲಿ ಒಂದು ಪಾಲು ಜನರು ರೋಗದ ಮೊದಲ ಉಬ್ಬರದಲ್ಲಿಯೇ ಸತ್ತರು. ಬದುಕಿದವರಲ್ಲಿಯೂ ಅನೇಕರು ಮೊದಲಿನಂತಾಗಲಿಲ್ಲ. ವರ್ಷಗಳು ಕಳೆದ ಮೇಲೆ ಮೈ ಬಿಗಿದು, ಕೈ ನಡುಗಿ, ಮುಖ ಕಲ್ಲಾಗಿ, ಆಸ್ಪತ್ರೆಗಳ ಮೂಲೆಗಳಲ್ಲಿ ದಶಕಗಳನ್ನು ಕಳೆದರು.

ಎಲ್ಲಕ್ಕಿಂತ ಶೋಚನೀಯವಾದುದು ಮಕ್ಕಳ ಪಾಡು. ಸೌಮ್ಯರಾಗಿದ್ದ ಬಾಲಕರು ಜ್ವರದಿಂದ ಎದ್ದ ಮೇಲೆ ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಅಲೆಯುವರು. ಕದಿಯುವರು, ಸುಳ್ಳಾಡುವರು, ಒಡಹುಟ್ಟಿದವರನ್ನು ಹಿಂಸಿಸುವರು. ಮರುಗಳಿಗೆ ತಾವೇ ಪಶ್ಚಾತ್ತಾಪಪಟ್ಟು ಅಳುವರು. ಬೈಗುಳವಾಗಲಿ ಬೆತ್ತವಾಗಲಿ ಅವರನ್ನು ತಿದ್ದಲಿಲ್ಲ. ದುರ್ನಡತೆಯೆಂದು ಶಿಕ್ಷಿಸಲ್ಪಟ್ಟುದು ನಿಜವಾಗಿ ಮಿದುಳಿನ ಗಾಯವಾಗಿತ್ತು. ಇಂಥ ಮಕ್ಕಳಿಗಾಗಿಯೇ ಇಂಗ್ಲೆಂಡು ಅಮೆರಿಕಾಗಳಲ್ಲಿ ಪ್ರತ್ಯೇಕ ಆಶ್ರಯಗಳನ್ನು ತೆರೆಯಬೇಕಾಯಿತು. ಒಳ್ಳೆಯವನು ಕೆಟ್ಟವನು ಎಂದು ನಾವು ಸುಲಭವಾಗಿ ಮಾಡುವ ವಿಂಗಡಣೆಗೆ ಈ ಮಕ್ಕಳು ಹಾಕಿದ ಪ್ರಶ್ನೆಯನ್ನು ಉಪಾಧ್ಯಾಯರೂ ನ್ಯಾಯಾಧಿಕಾರಿಗಳೂ ಇಂದಿಗೂ ಮರೆಯಬಾರದು.

ಈ ರೋಗದ ದುಃಖದಿಂದಲೇ ಎಕೊನೊಮೊ ಅವರು ಒಂದು ಹೊಸ ಅರಿವನ್ನು ಹೊರತೆಗೆದರು. ಎಚ್ಚರಗೊಳ್ಳಲಾರದೆ ಸತ್ತವರ ಮಿದುಳಿನಲ್ಲಿ ಕೆಡುಕಾಗಿದ್ದ ಸ್ಥಳವೊಂದು. ನಿದ್ರಿಸಲಾರದೆ ಸತ್ತವರಲ್ಲಿ ಕೆಡುಕಾಗಿದ್ದುದು ಅದಕ್ಕಿಂತ ಕೊಂಚ ಮುಂದಿನ ಸ್ಥಳ. ನಿದ್ರೆಯೆಂಬುದು ಬರಿಯ ಆಯಾಸದ ಫಲವಲ್ಲ, ಮಿದುಳಿನ ತಳದಲ್ಲಿ ಅದನ್ನು ಆಳುವ ನಿರ್ದಿಷ್ಟ ಕೇಂದ್ರಗಳಿವೆ ಎಂದು ಅವರು ನಿರ್ಣಯಿಸಿದರು. ಆ ಸ್ಥಳಗಳಲ್ಲಿ ನಿದ್ರೆಯನ್ನೂ ಎಚ್ಚರವನ್ನೂ ನಡೆಸುವ ನರಕೋಶಗಳಿವೆಯೆಂಬುದನ್ನು ಅವರು ಗತಿಸಿ ಅರವತ್ತು ವರ್ಷಗಳಿಗೂ ಮಿಗಿಲಾದ ಮೇಲೆ, ೧೯೯೦ರ ದಶಕದ ಶೋಧಗಳು ಸ್ಥಿರಪಡಿಸಿದವು. ೧೯೨೫ರಲ್ಲಿ ಕೊಸ್ಕಿನಾಸ್ ಎಂಬ ಗ್ರೀಕ್ ವೈದ್ಯರೊಡನೆ ಮಿದುಳಿನ ಮೇಲ್ಪದರವನ್ನು ೧೦೭ ಕ್ಷೇತ್ರಗಳಾಗಿ ವಿಂಗಡಿಸಿ, ೧೧೨ ಚಿತ್ರಫಲಕಗಳ ಬೃಹತ್ ಗ್ರಂಥವನ್ನು ಹೊರತಂದರು. ಅವರು ವರ್ಣಿಸಿದ ಒಂದು ಬಗೆಯ ನರಕೋಶಗಳು ಇಂದಿಗೂ ಅವರ ಹೆಸರನ್ನೇ ಹೊತ್ತಿವೆ.

೧೯೧೯ರಲ್ಲಿ ಎಕೊನೊಮೊ ಅವರು ಆಸ್ಟ್ರಿಯಾದ ರಾಜಮನೆತನವೊಂದರ ಕನ್ಯೆಯಾದ ಕರೊಲೀನೆ ಅವರನ್ನು ವರಿಸಿದ್ದರು. ಧನಕ್ಕಾಗಲಿ ಮಾನಕ್ಕಾಗಲಿ ಕೊರತೆಯಿಲ್ಲದಿದ್ದರೂ ಆಸ್ಪತ್ರೆಯ ಮತ್ತು ಪ್ರಯೋಗಶಾಲೆಯ ಕೆಲಸವನ್ನು ಅವರು ಕೈಬಿಡಲಿಲ್ಲ. ೧೯೨೯ರಲ್ಲಿ ನಿದ್ರಾರೋಗವನ್ನು ಕುರಿತ ಸಮಗ್ರ ಗ್ರಂಥವು ಪ್ರಕಟವಾಯಿತು. ೧೯೩೧ರಲ್ಲಿ ವಿಯೆನ್ನಾದಲ್ಲಿ ಮಿದುಳಿನ ಸಂಶೋಧನೆಗೆಂದೇ ಒಂದು ವಿಭಾಗವು ಅವರ ನೇತೃತ್ವದಲ್ಲಿ ತೆರೆಯಿತು. ಆದರೆ ಅದನ್ನು ಬೆಳೆಸುವ ಭಾಗ್ಯ ಅವರಿಗಿರಲಿಲ್ಲ. ಅದೇ ವರ್ಷದ ಅಕ್ಟೋಬರ್ ೨೧ರಂದು, ೫೫ನೆಯ ವಯಸ್ಸಿನಲ್ಲಿ, ಹೃದಯವ್ಯಾಧಿಯಿಂದ ತೀರಿಕೊಂಡರು.

ಇಲ್ಲೊಂದು ಮಾತನ್ನು ಮರೆಮಾಚದೆ ಹೇಳುವುದು ಅವಶ್ಯ. ತಾವು ಕಂಡ ರೋಗಕ್ಕೆ ಕಣ್ಣಿಗೆ ಕಾಣದ ಸೂಕ್ಷ್ಮ ವಿಷಾಣುವೇ ಕಾರಣವೆಂದು ಎಕೊನೊಮೊ ಅವರು ನಂಬಿದ್ದರು. ಆದರೆ ಯಾವುದು ಆ ವಿಷಾಣುವೆಂಬುದು ಇಂದಿಗೂ ಸಿದ್ಧವಾಗಿಲ್ಲ. ೧೯೧೮ರ ಮಹಾ ಶೀತಜ್ವರವೇ ಮೂಲವೆಂದು ಹಲವರು ಬಗೆದಿದ್ದರು. ಆದರೆ ವಿಯೆನ್ನಾದ ರೋಗಿಗಳು ಅದಕ್ಕೆ ಮುಂಚೆಯೇ ಬಂದಿದ್ದರು, ಕಾಪಿಟ್ಟ ಮಿದುಳುಗಳಲ್ಲಿ ಆ ಜ್ವರದ ವೈರಾಣುವಿನ ಗುರುತನ್ನು ಹುಡುಕಿದವರಿಗೆ ಅದು ದೊರೆಯಲೂ ಇಲ್ಲ. ಶರೀರದ ರಕ್ಷಣಾಶಕ್ತಿಯೇ ದಾರಿತಪ್ಪಿ ತನ್ನ ಮಿದುಳನ್ನು ತಾನೇ ಬಾಧಿಸುವ ರೋಗವಿದ್ದಿರಬಹುದೆಂದು ಈಚಿನ ವಿದ್ವಾಂಸರಲ್ಲಿ ಕೆಲವರ ಊಹೆ. ಅಂಥ ರೋಗವೊಂದು ೨೦೦೭ರಲ್ಲಿ ಸ್ಪಷ್ಟವಾಗಿ ವರ್ಣಿತವಾಯಿತು. ಅದರಲ್ಲಿಯೂ ಎಷ್ಟೋ ರೋಗಿಗಳು ಮೊದಲು ಹೋಗುವುದು ಮನೋರೋಗ ವೈದ್ಯರ ಬಳಿಗೇ. ಎಕೊನೊಮೊ ಅವರ ರೋಗವು ೧೯೨೭ರ ವೇಳೆಗೆ ಬಂದ ದಾರಿಯಲ್ಲಿಯೇ ಮಾಯವಾಯಿತು. ೧೯೬೯ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಆಲಿವರ್ ಸ್ಯಾಕ್ಸ್ ಎಂಬ ವೈದ್ಯರು ಅಳಿದುಳಿದ ರೋಗಿಗಳಿಗೆ ಎಲ್-ಡೋಪಾ ಔಷಧವನ್ನು ಕೊಡಲಾಗಿ, ದಶಕಗಳಿಂದ ಕಲ್ಲಾಗಿದ್ದವರು ಎದ್ದು ಮಾತಾಡಿದರು. ಆದರೆ ಆ ಸುಖವು ಬಹುಕಾಲ ನಿಲ್ಲಲಿಲ್ಲ.

ಹಾಗಾದರೆ ಮಾಯವಾದ ರೋಗವೊಂದನ್ನು ಕಂಡವರ ಕಥೆ ನಮಗೇಕೆ ಎಂದು ವಾಚಕರು ಕೇಳಬಹುದು. ಆ ರೋಗ ಹೋಯಿತು, ಅದು ಕಲಿಸಿದ ಪಾಠ ಹೋಗಲಿಲ್ಲ. ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ಎಂಬ ಸಾಮಾನ್ಯ ವೈರಾಣುವೇ ಅಪರೂಪಕ್ಕೆ ಮಿದುಳನ್ನು ಸೇರುವುದುಂಟು. ನೆನಪನ್ನೂ ಭಾವಗಳನ್ನೂ ಆಳುವ ಪಕ್ಕದ ಭಾಗವನ್ನು ಅದು ಹಿಡಿಯುವುದರಿಂದ ರೋಗಿಯು ಮೊದಲು ವಿಚಿತ್ರವಾಗಿ ವರ್ತಿಸುತ್ತಾನೆ, ಇಲ್ಲದ ವಾಸನೆಯನ್ನು ಮೂಸುತ್ತಾನೆ, ಇಲ್ಲದ ದನಿಯನ್ನು ಕೇಳುತ್ತಾನೆ. ಚಿಕಿತ್ಸೆಯಿಲ್ಲದಿದ್ದರೆ ಹತ್ತರಲ್ಲಿ ಏಳು ಮಂದಿ ಸಾಯುತ್ತಿದ್ದ ಈ ರೋಗದಲ್ಲಿ, ೧೯೮೦ರ ದಶಕದಲ್ಲಿ ಅಸೈಕ್ಲೋವಿರ್ ಎಂಬ ಔಷಧವು ಬಳಕೆಗೆ ಬಂದ ಮೇಲೆ ಸಾಯುವವರು ಎರಡು ಮೂರು ಮಂದಿಗೆ ಇಳಿದರು. ಆದರೆ ಔಷಧವನ್ನು ಬೇಗನೆ ರಕ್ತನಾಳಕ್ಕೆ ಏರಿಸಬೇಕು; ತಡವಾದಷ್ಟೂ ಉಳಿಯುವ ಮಿದುಳು ಕಡಿಮೆ. ಗದ್ದೆಯ ಸೊಳ್ಳೆಗಳಿಂದ ಬರುವ ಜಪಾನಿ ಮಿದುಳುಜ್ವರಕ್ಕೆ ಇಂಥ ಔಷಧವಿಲ್ಲ, ಲಸಿಕೆಯುಂಟು. ೨೦೨೨ರ ಡಿಸೆಂಬರಿನಲ್ಲಿ ಹತ್ತು ಜಿಲ್ಲೆಗಳ ಮಕ್ಕಳಿಗೆ ಆ ಲಸಿಕೆ ಹಾಕಲು ರಾಜ್ಯ ಸರ್ಕಾರವು ಆರಂಭಿಸಿದ ಕಾರ್ಯದಲ್ಲಿ ಕಲಬುರಗಿಯೂ ಸೇರಿತ್ತು. ದಡಾರ ಬಂದು ಹೋದ ಎಷ್ಟೋ ವರ್ಷಗಳ ಮೇಲೆ ಕೆಲವು ಮಕ್ಕಳು ಪಾಠದಲ್ಲಿ ಹಿಂದೆ ಬಿದ್ದು, ಸ್ವಭಾವ ಕೆಟ್ಟು, ಆಮೇಲೆ ಮೈ ಬೆಚ್ಚಿಬೀಳುವ ರೋಗಕ್ಕೆ ಗುರಿಯಾಗುವುದೂ ಉಂಟು. ದಡಾರದ ಲಸಿಕೆಯೇ ಅದಕ್ಕೆ ರಕ್ಷೆ.

ನಮ್ಮ ಭಾಷೆಯಲ್ಲಿಯೇ ಇದಕ್ಕೊಂದು ಸಾಕ್ಷಿಯಿದೆ. ಹುಚ್ಚುನಾಯಿ ಎಂದು ನಾವು ಹೇಳುತ್ತೇವೆ. ನಾಯಿಯ ಆ ಹುಚ್ಚು ಕಡಿತದಿಂದ ಬಂದ ರೋಗವೆಂಬುದನ್ನು ಆಳಂದದ ಕುರುಬನೂ ಜೇವರ್ಗಿಯ ಒಕ್ಕಲಿಗನೂ ಬಲ್ಲರು. ನಾಯಿಗೆ ಗಾಳಿ ಸೋಕಿತೆಂದು ಯಾರೂ ತಾಯಿತ ಕಟ್ಟುವುದಿಲ್ಲ. ಅದೇ ವೈರಾಣು ಮನುಷ್ಯನ ಮಿದುಳನ್ನು ಹೊಕ್ಕು ಅವನು ನೀರಿಗೆ ಬೆದರಿ, ಗಾಳಿಗೆ ನಡುಗಿ, ಕಂಡವರ ಮೇಲೆ ಹರಿಹಾಯ್ದಾಗ ಮಾತ್ರ ದೆವ್ವವನ್ನು ಏಕೆ ಹುಡುಕಬೇಕು? ಆ ಹಂತಕ್ಕೆ ಬಂದ ಮೇಲೆ ಬದುಕುವುದು ಅಸಾಧ್ಯವೆನ್ನುವಷ್ಟು ವಿರಳ. ಕಚ್ಚಿದ ಕೂಡಲೆ ಗಾಯವನ್ನು ಸಾಬೂನು ನೀರಿನಿಂದ ಕಾಲು ಗಂಟೆಯವರೆಗೆ ತೊಳೆದು ಲಸಿಕೆ ಪಡೆದರೆ ಆ ಹಂತವೇ ಬಾರದು.

ತಮಿಳುನಾಡಿನ ಏರ್ವಾಡಿಯಲ್ಲಿ ೨೦೦೧ರ ಆಗಸ್ಟ್ ೬ರಂದು, ದರ್ಗಾದ ಆಸರೆಯನ್ನು ನಂಬಿ ಬಂದಿದ್ದ ೨೮ ಮಂದಿ ಮನೋರೋಗಿಗಳು, ಸರಪಳಿ ಬಿಗಿದ ಸ್ಥಿತಿಯಲ್ಲಿ ಗುಡಿಸಿಲಿಗೆ ಬೆಂಕಿ ಬಿದ್ದು ಸುಟ್ಟು ಸತ್ತರು. ಆ ಘೋರವು ದೇಶದ ಕಣ್ಣು ತೆರೆಯಿಸಿತು. ಗುಜರಾತಿನ ಮೆಹಸಾಣಾ ಜಿಲ್ಲೆಯ ಮೀರಾ ದಾತಾರ್ ದರ್ಗಾದಲ್ಲಿ ದವಾ ಮತ್ತು ದುವಾ, ಎಂದರೆ ಔಷಧ ಮತ್ತು ಪ್ರಾರ್ಥನೆ, ಎಂಬ ವ್ಯವಸ್ಥೆಯನ್ನು ಮಾಡಿ ಮುಜಾವರರ ಜೊತೆಯಲ್ಲಿಯೇ ವೈದ್ಯರನ್ನೂ ಕೂರಿಸಿದರು. ಭಕ್ತಿಗೆ ಕುಂದಾಗಲಿಲ್ಲ, ರೋಗಿಗಳಿಗೆ ಔಷಧ ದೊರೆಯಿತು. ಗಾಣಗಾಪುರದಲ್ಲಿ ಜನಸಂದಣಿಯ ಹುಣ್ಣಿಮೆ ಅಮಾವಾಸ್ಯೆಗಳಂದಾದರೂ ಒಬ್ಬ ವೈದ್ಯರೂ ಒಬ್ಬ ದಾದಿಯೂ ಕುಳಿತು, ಬಂದವರನ್ನು ಎರಡೇ ಪ್ರಶ್ನೆ ಕೇಳಿದರೆ ಸಾಕು: ಈ ವಿಪರೀತ ಎಂದಿನಿಂದ? ಜ್ವರವಿತ್ತೆ? ಜಿಲ್ಲೆಯ ಅಧಿಕಾರಿಗಳೂ ಕ್ಷೇತ್ರದ ವ್ಯವಸ್ಥಾಪಕರೂ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ನಾವು ವಿನಯಪೂರ್ವಕವಾಗಿ ಸೂಚಿಸುತ್ತೇವೆ.

ಗೃಹಸ್ಥರಿಗೂ ನಮ್ಮ ವಿಜ್ಞಾಪನೆಯಿದೆ. ದಿನಗಳೊಳಗೆ ಹಠಾತ್ತಾಗಿ ಬಂದ ಬುದ್ಧಿವಿಕಾರದೊಡನೆ ಜ್ವರ, ತಲೆನೋವು, ವಾಂತಿ, ಮೈಸೆಳೆತ, ಎಬ್ಬಿಸಿದರೂ ಬಿಡದ ಮಂಪರು, ಇವುಗಳಲ್ಲಿ ಯಾವುದೊಂದು ಕಂಡರೂ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಆಳಂದದಿಂದಲೂ ಜೇವರ್ಗಿಯಿಂದಲೂ ಕಲಬುರಗಿಯು ಸುಮಾರು ೪೦ ಕಿಲೊಮೀಟರು. ಅಫಜಲಪುರದಿಂದ ಕೊಂಚ ಹೆಚ್ಚು. ೧೦೮ಕ್ಕೆ ಕರೆದರೆ ವಾಹನವು ಬರುತ್ತದೆ. ಬೆನ್ನಿನ ನೀರನ್ನು ತೆಗೆದು ಪರೀಕ್ಷಿಸಬೇಕೆಂದು ವೈದ್ಯರು ಹೇಳಿದರೆ ಹೆದರಬೇಕಾಗಿಲ್ಲ. ರೋಗದ ನಿಜವು ಬಹುಮಟ್ಟಿಗೆ ತಿಳಿಯುವುದು ಅದರಿಂದಲೇ. ವೈದ್ಯರೂ ಇಂಥವರನ್ನು ಹುಚ್ಚೆಂದು ಬರೆದು ಕಳುಹುವ ಮುನ್ನ, ವಿಯೆನ್ನಾದ ಆ ಚಳಿಗಾಲದಲ್ಲಿ ಚೀಟಿಗಳ ಮೇಲಿನ ಹೆಸರನ್ನು ನಂಬದೆ ರೋಗಿಯನ್ನೇ ನೋಡಿದ ಎಕೊನೊಮೊ ಅವರನ್ನು ಒಮ್ಮೆ ನೆನೆಯಲಿ. ರೋಗಿ ಗುಣವಾಗಿ ಬಂದ ಮೇಲೆ ದತ್ತನ ಪಾದುಕೆಗೊ ಲಾಡ್ಲೆ ಮಶಾಕರ ಗದ್ದಿಗೆಗೊ ಹೋಗಿ ಹರಕೆ ತೀರಿಸಲು ಯಾರ ಅಡ್ಡಿಯೂ ಇಲ್ಲ.